ಕಡಿಮೆ ಪಗಾರಕ್ಕೆ ಹೂಂ ಅನ್ನೋ ಮೊದಲು

ನಾನು ಧಾರವಾಡದ ಕಡೆಯವನು, ಎಂಟೆಕ್ ಮುಗಿಸಿ ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು. ಬ್ಯಾಕೆಂಡ್ ಕೆಲಸ. ಹಿಂಜವಡಿ ಟ್ರಾಫಿಕ್ಕಲ್ಲೇ ಅರ್ಧ ಆಯುಷ್ಯ ಕಳೆದಿದೆ. ಇವತ್ತು ಪಗಾರದ ಬಗ್ಗೆ ಮಾತಾಡ್ತೀನಿ. ಏರಿದ ಪಗಾರ ಅಲ್ಲ, ಇಳಿದ ಪಗಾರ.

2021 ನಿಮಗೆಲ್ಲ ನೆನಪಿದೆ. ಒಬ್ಬೊಬ್ಬರ ಕೈಯಲ್ಲಿ ಮೂರು ಮೂರು ಆಫರ್. ಒಂದನ್ನು ತೋರಿಸಿ ಇನ್ನೊಂದನ್ನು ಏರಿಸೋದು. 2022ರ ಮಾರ್ಚ್‌ನಿಂದ ಅಮೆರಿಕದ ಕೇಂದ್ರ ಬ್ಯಾಂಕು ಬಡ್ಡಿ ಏರಿಸುತ್ತಾ ಹೋಯಿತು. ಸೊನ್ನೆಯ ಹತ್ತಿರ ಇದ್ದದ್ದು 2023ರ ಮಧ್ಯದ ಹೊತ್ತಿಗೆ ಶೇ. 5 ದಾಟಿತು. ಸ್ಟಾರ್ಟಪ್‌ಗಳಿಗೆ ಹರಿಯುತ್ತಿದ್ದ ದುಡ್ಡು ಬತ್ತಿತು. ದೊಡ್ಡ ಕಂಪನಿಗಳೂ ಕೈ ಬಿಗಿ ಹಿಡಿದವು. 2023-24ರಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೊ ಮೂರರಲ್ಲೂ ಒಟ್ಟು ನೌಕರರ ಸಂಖ್ಯೆಯೇ ಇಳಿಯಿತು. ಆ ವರ್ಷವೇ ನಾನಿದ್ದ ಸ್ಟಾರ್ಟಪ್ ನಮ್ಮ ಇಡೀ ತಂಡವನ್ನು ಮುಚ್ಚಿತು. ನನ್ನ ಪಗಾರ ಆಗ 32 ಲಕ್ಷ. ಮನೆ ಸಾಲದ ಕಂತು ನಡೀತಿತ್ತು, ಮಗಳು ಒಂದನೇ ಕ್ಲಾಸು.

ನಾಲ್ಕು ತಿಂಗಳು ಖಾಲಿ. ಕೊನೆಗೆ ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ ತಾಂತ್ರಿಕ ಸಂದರ್ಶನಗಳೆಲ್ಲ ಮುಗಿದವು. ಅವರು ಹೇಳಿದ್ದು 22 ಲಕ್ಷ ಖಚಿತ, 3 ಲಕ್ಷ ವೇರಿಯಬಲ್.

ಆಗ ಸಲಹೆಗಳ ಮಳೆ. ಒಬ್ಬ ಗೆಳೆಯ, "ಹಳೇ ಸಿಟಿಸಿ 38 ಅಂತ ಹೇಳೋ, ಅವರು 30ಕ್ಕೆ ಬರ್ತಾರೆ" ಅಂದ. ಇನ್ನೊಬ್ಬ, "ಬೇರೆ ಆಫರ್ ಇದೆ ಅಂತ ಬಿಡು." ಊರಿಂದ ಅಪ್ಪಾಜಿ ಫೋನು: "ಕಮ್ಮಿ ಪಗಾರಕ್ಕ ಹೊಂಟೀ ಅಂತ ಯಾರ ಮುಂದೂ ಹೇಳಬ್ಯಾಡಪಾ."

ಸುಳ್ಳು ಹೇಳೋದು ತಪ್ಪು ಅನ್ನೋ ಉಪದೇಶ ಮಾಡೋಕೆ ನಾನು ಬಂದಿಲ್ಲ. ಲೆಕ್ಕದ ಮಾತು ಹೇಳ್ತೀನಿ. ಬ್ಯಾಕ್‌ಗ್ರೌಂಡ್ ಪರಿಶೀಲನೆಗೆ ಪೇಸ್ಲಿಪ್ ಕೇಳ್ತಾರೆ, ಎಷ್ಟೋ ಕಡೆ ಫಾರ್ಮ್ 16 ಕೇಳ್ತಾರೆ. ಯಾವ ಕಂಪನಿಗೆ ಯಾವಾಗ ಸೇರಿದ್ರಿ, ಯಾವಾಗ ಬಿಟ್ರಿ ಅನ್ನೋದು ಪಿಎಫ್ ಖಾತೆಯಲ್ಲೇ ಇರುತ್ತೆ. ಆರು ಲಕ್ಷದ ಸುಳ್ಳು ಆಫರ್ ಲೆಟರ್ ಬಂದ ಮೇಲೆ ಸಿಕ್ಕಿಬಿದ್ದರೆ ಕೆಲಸವೇ ಹೋಯ್ತು. ನಾಲ್ಕು ತಿಂಗಳು ಖಾಲಿ ಕೂತವನಿಗೆ ಆ ಜೂಜು ದುಬಾರಿ.

ಮಾತಿಗೆ ಕೂರುವ ಮುಂಚೆ ನಾನೂ ನನ್ನ ಹೆಂಡತಿಯೂ ಒಂದು ರಾತ್ರಿ ಎಕ್ಸೆಲ್ ಹಾಳೆ ತೆರೆದು ಕೂತ್ವಿ. 32ರಿಂದ 24ಕ್ಕೆ ಇಳಿದರೆ 8 ಲಕ್ಷ ಹೋಯ್ತು, ತಿಂಗಳಿಗೆ 66 ಸಾವಿರ ಹೋಯ್ತು ಅಂತ ಎದೆ ಒಡೆಯುತ್ತೆ. ಆದರೆ ಮೇಲಿನ ಆ 8 ಲಕ್ಷದ ಮೇಲೆ ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್ ಕಟ್ಟುತ್ತಿದ್ದೆ. ಅದನ್ನು ಕಳೆದರೆ ಕೈಗೆ ಬರೋದರಲ್ಲಿ ಕಮ್ಮಿ ಆಗೋದು ತಿಂಗಳಿಗೆ ಸುಮಾರು 46 ಸಾವಿರ. ಈಗ ಹೊಸ ಪದ್ಧತಿಯಲ್ಲಿ ಶೇ. 30ರ ಹಂತ 24 ಲಕ್ಷದ ಮೇಲೆ ಶುರುವಾಗುತ್ತೆ, ಆದರೂ ಈ ಉದಾಹರಣೆಯ ಫಲ ಹೆಚ್ಚುಕಡಿಮೆ ಅದೇ. 46 ಸಾವಿರ ಸಣ್ಣ ಮೊತ್ತ ಅಲ್ಲ. ಆದರೆ ಅದನ್ನು ಎಲ್ಲಿಂದ ಉಳಿಸೋದು ಅಂತ ಯೋಚಿಸಬಹುದು. 24 ಖಚಿತ ಇದ್ದರೆ ಸಂಸಾರ ನಡೆಯುತ್ತೆ, 22 ಆದರೆ ಉಳಿತಾಯ ತಿನ್ನಬೇಕು. ವೇರಿಯಬಲ್ ನಂಬಿ ಬ್ಯಾಂಕಿನ ಕಂತು ಕಟ್ಟೋಕಾಗಲ್ಲ.

ಮರುದಿನ ಎಚ್‌ಆರ್ ಮೇಡಂ ಫೋನು. ಮಾತು ನಡೆದಿದ್ದು ಅರ್ಧ ಇಂಗ್ಲಿಷ್, ಅರ್ಧ ಹಿಂದಿ, ಪುಣೆಯ ರೂಢಿ. ಬೇರೆ ಆಫರ್ ಇದೆಯಾ ಅಂತ ನೇರವಾಗಿ ಕೇಳಿದರು. ಇಲ್ಲ, ಎರಡು ಕಡೆ ಸಂದರ್ಶನ ನಡೀತಿದೆ ಅಷ್ಟೇ ಅಂದೆ. ಆ ಕಡೆ ಕೀಬೋರ್ಡ್ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ನಿಜವಾದ ಪ್ರಶ್ನೆ ಬಂತು: "32 ತಗೊಂಡವರು ಇಲ್ಲಿ ಎಷ್ಟು ದಿನ ಇರ್ತೀರಿ? ಮಾರ್ಕೆಟ್ ಎದ್ದ ಕೂಡಲೇ ಹೋಗ್ತೀರಿ."

ಇದು ನೋಡಿ ಇಡೀ ಮಾತುಕತೆಯ ಗಂಟು. ನಾವು ದುಡ್ಡಿನ ಬಗ್ಗೆ ಹೆದರ್ತಾ ಇರ್ತೀವಿ, ಅವರು ಆರು ತಿಂಗಳಿಗೆ ಮತ್ತೆ ಆಳು ಹುಡುಕೋದಕ್ಕೆ ಹೆದರ್ತಾ ಇರ್ತಾರೆ. "ಜನ್ಮಪೂರ್ತಿ ಇಲ್ಲೇ ಇರ್ತೀನಿ" ಅಂದರೆ ಯಾರೂ ನಂಬಲ್ಲ. ನಾನು ಹೇಳಿದ್ದು ಇಷ್ಟು: "ಮಾರ್ಕೆಟ್ ಎದ್ದರೆ ನನಗೂ ಕರೆ ಬರುತ್ತೆ, ಇಲ್ಲ ಅನ್ನಲ್ಲ. ಆದರೆ ನೀವು ಕಟ್ಟುತ್ತಿರೋ ಪೇಮೆಂಟ್ ವ್ಯವಸ್ಥೆ ಮುಗಿಯೋಕೆ ಒಂದೂವರೆ ವರ್ಷ ಬೇಕು, ಅದನ್ನು ಮುಗಿಸದೆ ಹೋಗಲ್ಲ. ಸಂಸಾರ ನಡೆಸೋಕೆ 24 ಖಚಿತ ಬೇಕು. ವೇರಿಯಬಲ್ ತೆಗೆದುಬಿಡಿ. ವರ್ಷಕ್ಕೆ ಪಗಾರ ಮರುಪರಿಶೀಲನೆ ಅಂತ ಆಫರ್ ಲೆಟರಲ್ಲಿ ತಾರೀಖು ಸಮೇತ ಬರೀರಿ. ನೋಟಿಸ್ 90 ದಿನದ ಬದಲು 60 ಮಾಡಿ."

ಎಲ್ಲವನ್ನೂ ಬಿಚ್ಚಿ ಹೇಳಲಿಲ್ಲ, ಅದೂ ಗಮನಿಸಿ. ಕಂತು ಎಷ್ಟು, ಬ್ಯಾಂಕಲ್ಲಿ ಎಷ್ಟು ತಿಂಗಳಿಗೆ ದುಡ್ಡಿದೆ, ಅದು ಅವರಿಗೆ ಸಂಬಂಧ ಇಲ್ಲದ್ದು. ಅವರು ಕೇಳಿದ್ದಕ್ಕೆ ಸುಳ್ಳು ಹೇಳಲಿಲ್ಲ. ಕೇಳದೇ ಇದ್ದದ್ದನ್ನು ಸುರಿಯಲೂ ಇಲ್ಲ.

ಮೂರು ದಿನ ಆದ ಮೇಲೆ ಉತ್ತರ. 24 ಖಚಿತ ಒಪ್ಪಿದರು. ಮರುಪರಿಶೀಲನೆಗೆ ತಾರೀಖು ಬರೆದರು, ಎಷ್ಟು ಏರಿಸ್ತಾರೆ ಅಂತ ಬರೆಯಲಿಲ್ಲ. ನೋಟಿಸ್ 90 ದಿನವೇ ಉಳೀತು. ಹುದ್ದೆ ಒಂದು ಮೆಟ್ಟಿಲು ಕೆಳಗೆ, ಮ್ಯಾನೇಜರ್ ನನಗಿಂತ ಐದು ವರ್ಷ ಚಿಕ್ಕವನು. ಅವನು ಒಳ್ಳೆ ಹುಡುಗ, ಆದರೆ ಮೊದಲ ತಿಂಗಳು ಅವನ ಮುಂದೆ ರಜೆ ಕೇಳೋಕೆ ಕಷ್ಟ ಆಗಿದ್ದು ನಿಜ.

ಇನ್ನೊಂದು ಮಾತು, ಆಫರ್ ಹಾಳೆ ಓದುವಾಗ ನೋಡಿ. ಗ್ರಾಚ್ಯುಟಿಯನ್ನು ಸಿಟಿಸಿಯ ಒಳಗೇ ಸೇರಿಸಿರ್ತಾರೆ, ಮೂಲ ವೇತನದ ಶೇ. 4.81 ಅಂತ. ಸಾಮಾನ್ಯವಾಗಿ ಐದು ವರ್ಷ ತುಂಬದಿದ್ದರೆ ಆ ದುಡ್ಡು ಕಾಯಂ ನೌಕರರ ಕೈಗೆ ಬರಲ್ಲ. ಅಪ್ಪ ಅಮ್ಮನಿಗೆ ಆರೋಗ್ಯ ವಿಮೆ ಇದೆಯಾ ಅಂತಲೂ ಕೇಳಿ. ವಯಸ್ಸಾದವರಿಗೆ ಹೊರಗೆ ಪಾಲಿಸಿ ತಗೊಳ್ಳೋಕೆ ಹೋದರೆ ಅದರ ಬೆಲೆ ಗೊತ್ತಾಗುತ್ತೆ. ನನಗೆ ಹಳೇ ಕಂಪನಿಯಲ್ಲಿ ಅದು ಇರಲಿಲ್ಲ, ಇಲ್ಲಿ ಇದೆ. ಅಪ್ಪಾಜಿಯ ಕಣ್ಣಿನ ಆಪರೇಷನ್ ಕಳೆದ ವರ್ಷ ಅದರಲ್ಲೇ ಆಯ್ತು.

ಪ್ರಶ್ನೆ ಇದ್ರೆ ಕೇಳಿ. ಪಗಾರದ ಅಂಕಿ ಸಮೇತ ಕೇಳಿದ್ರೂ ಹೇಳ್ತೀನಿ.