ಆಟಿಸಂ ಇರುವ ಮಕ್ಕಳು ದೊಡ್ಡವರಾದ ಮೇಲೆ

(ಬಂಡ್ರಿಯಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಓದಿದ ಭಾಷಣ)



ನಾನು ಬರೆದು ತಂದದ್ದನ್ನು ಓದುತ್ತೇನೆ. ಓದುವಾಗ ನಿಮ್ಮ ಮುಖ ನೋಡುವುದಿಲ್ಲ. ಇದನ್ನು ಅಗೌರವವೆಂದು ತಿಳಿಯಬಾರದು. ಎದುರಿಗಿರುವವರ ಕಣ್ಣು ನೋಡುವುದು, ಮಾತಾಡುವುದು ಎರಡೂ ಒಟ್ಟಿಗೆ ನನ್ನಿಂದ ಆಗದು.

ಸಂಘದವರು ಪತ್ರದಲ್ಲಿ "ಆಟಿಸಂ ಇರುವ ಮಕ್ಕಳ ಬಗ್ಗೆ ಮಾತಾಡಿ" ಎಂದು ಬರೆದಿದ್ದರು. ನಾನು ಮಗುವಲ್ಲ. 1987ರಲ್ಲಿ ಇದೇ ಬಂಡ್ರಿಯಲ್ಲಿ ಹುಟ್ಟಿದವನು. ಹೊಸಪೇಟೆಯಲ್ಲಿ ಲಾರಿ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಲೆಕ್ಕ ಮತ್ತು ದಾಸ್ತಾನು ನೋಡಿಕೊಳ್ಳುತ್ತೇನೆ. ಹೆಂಡತಿ ಇದ್ದಾಳೆ, ಮಗಳಿದ್ದಾಳೆ. ನನಗೆ ಆಟಿಸಂ ಇದೆ. ಹುಟ್ಟುವಾಗಲೇ ಇತ್ತು, ಸಾಯುವವರೆಗೂ ಇರುತ್ತದೆ. ಆದ್ದರಿಂದ ಮಕ್ಕಳು ದೊಡ್ಡವರಾದ ಮೇಲೆ ಏನಾಗುತ್ತದೆ ಎಂಬುದನ್ನೇ ಹೇಳುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಲೋಕದಲ್ಲಿ ಸುಮಾರು 127 ಜನರಿಗೆ ಒಬ್ಬರಂತೆ ಆಟಿಸಂ ಇತ್ತು. ಈ ಶಾಮಿಯಾನದಡಿ 312 ಕುರ್ಚಿಗಳಿವೆ, ಬಂದ ಕೂಡಲೇ ಎಣಿಸಿದ್ದೇನೆ. ಲೆಕ್ಕ ನೋಡಿದರೆ ನನ್ನಂಥವರು ಇನ್ನೊಬ್ಬರಾದರೂ ಇಲ್ಲಿ ಕುಳಿತಿರಬಹುದು. ಅವರಿಗೇ ಅದು ಗೊತ್ತಿಲ್ಲದಿರಬಹುದು. ನನಗೂ 2014ರವರೆಗೆ ಗೊತ್ತಿರಲಿಲ್ಲ. ಶಿಕ್ಷಕಿಯಾಗಿದ್ದ ನಮ್ಮ ಆಪಾ ತಮ್ಮ ತರಬೇತಿಯಲ್ಲಿ ಈ ವಿಷಯ ಕೇಳಿ ಬಂದು, "ಇದು ನಮ್ಮವನದೇ ಕಥೆ" ಎಂದು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. ಆಗ ನನಗೆ 27 ವರ್ಷ. ಅದಕ್ಕೆ ಮೊದಲು ನನಗೆ ಗಾಳಿ ಸೋಕಿದೆ ಎಂದವರಿದ್ದರು, ಸೊಕ್ಕು ಎಂದವರಿದ್ದರು. ಶಾಲೆಯಲ್ಲಿ ಒಬ್ಬ ಮೇಷ್ಟ್ರು "ಇವನು ಕಲ್ಲು" ಎಂದು ಕೊನೆಯ ಬೆಂಚಿಗೆ ಕಳಿಸಿದ್ದರು. ಕೊನೆಯ ಬೆಂಚು ನನಗೆ ಹಿತವಾಗಿಯೇ ಇತ್ತು, ಬೆನ್ನ ಹಿಂದೆ ಯಾರೂ ಇರುತ್ತಿರಲಿಲ್ಲ.

ಆಟಿಸಂ ಎಂದರೆ ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಹೆಚ್ಚಿನ ಪಾಲು ವಂಶವಾಹಿಗಳಿಂದ ಬರುವುದು. ಕನ್ನಡದಲ್ಲಿ ಇದಕ್ಕೆ ಸ್ವಲೀನತೆ ಎಂಬ ಪದ ಮಾಡಿದ್ದಾರೆ, ತನ್ನಲ್ಲೇ ತಾನು ಮುಳುಗಿರುವುದು ಎಂದು ಅರ್ಥ. ನನಗೆ ಆ ಪದ ಅಷ್ಟಾಗಿ ಒಪ್ಪಿಗೆಯಿಲ್ಲ. ನಾನು ನನ್ನೊಳಗೆ ಮುಳುಗಿಲ್ಲ, ಹೊರಗಿನದ್ದೇ ಅತಿಯಾಗಿ ನನ್ನೊಳಗೆ ನುಗ್ಗುತ್ತದೆ. ಅದಿರು ಲಾರಿಗಳ ಕಾಲ ನಿಮಗೆಲ್ಲ ನೆನಪಿರಬೇಕು. ಸಂಡೂರು-ಹೊಸಪೇಟೆ ರಸ್ತೆಯಲ್ಲಿ ಹಗಲು ರಾತ್ರಿ ಸಾಲು ತುಂಡಾಗುತ್ತಿರಲಿಲ್ಲ. ನಿಮಗೆ ಅದು ಧೂಳಿನ ತೊಂದರೆ. ನನಗೆ ಒಂದೊಂದು ಹಾರನ್ನೂ ಹಲ್ಲಿನ ಬೇರಿಗೆ ಸೂಜಿ ಚುಚ್ಚಿದಂತೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ನಮ್ಮ ಅಂಗಡಿಯ ವ್ಯಾಪಾರ ಬಿದ್ದುಹೋಯಿತು, ಮಾಲೀಕರು ತಲೆಯ ಮೇಲೆ ಕೈ ಹೊತ್ತು ಕುಳಿತರು. ನಾನು ಮಾತ್ರ ಎಷ್ಟೋ ವರ್ಷಗಳ ನಂತರ ರಾತ್ರಿ ಪೂರ್ತಿ ನಿದ್ದೆ ಮಾಡಿದೆ.

ಇನ್ನೊಂದು ಕಷ್ಟ ಮಾತಿನದು. ನಮ್ಮ ಭಾಷೆಯಲ್ಲಿ ಹೊರಡುವವರು "ಬರ್ತೀನಿ" ಎನ್ನುತ್ತಾರೆ. ಚಿಕ್ಕವನಿದ್ದಾಗ ನೆಂಟರು ಹಾಗೆಂದು ಹೋದರೆ ಅವರು ಬರುತ್ತಾರೆಂದು ಕತ್ತಲಾಗುವವರೆಗೆ ಬಾಗಿಲಲ್ಲಿ ಕೂರುತ್ತಿದ್ದೆ. ಅಂಗಡಿಗೆ ಸೇರಿದ ಹೊಸತರಲ್ಲಿ "ಆ ಗಿರಾಕಿ ಕೈ ಕೊಟ್ಟ" ಎಂದು ಮಾಲೀಕರು ಹೇಳಿದಾಗ, ಕೈ ಕುಲುಕಿದನೆಂದು ತಿಳಿದು ಸಂತೋಷಪಟ್ಟೆ. "ನೋಡೋಣ" ಎಂದರೆ "ಇಲ್ಲ" ಎಂದು ತಿಳಿಯಲು ಬಹಳ ಕಾಲ ಬೇಕಾಯಿತು. ಈಗ ಇವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಮಾಲೀಕರೂ ನನ್ನೊಂದಿಗೆ ನೇರವಾಗಿ ಮಾತಾಡುವುದನ್ನು ಕಲಿತಿದ್ದಾರೆ. "ಬೇಗ ಬಾ" ಎನ್ನುವುದಿಲ್ಲ, "ಹತ್ತೂವರೆಗೆ ಬಾ" ಎನ್ನುತ್ತಾರೆ. ಆ ಒಂದು ಬದಲಾವಣೆಯಿಂದ ಜಗಳವೇ ನಿಂತಿತು. ಅವರಿಗೆ ಖರ್ಚೇನೂ ಆಗಲಿಲ್ಲ. ಅವರಿಗೆ ಲಾಭವೂ ಇದೆ: ಯಾವ ಬೇರಿಂಗ್ ಯಾವ ಗೂಡಿನಲ್ಲಿದೆ ಎಂದು ನಾನು ಪುಸ್ತಕ ನೋಡದೆ ಹೇಳುತ್ತೇನೆ. ಬೇರಿಂಗಿನ ಸಂಖ್ಯೆ 6205 ಎಂದಿದ್ದರೆ ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಬೇಕು, ಒಳಗಿನ ರಂಧ್ರ 25 ಮಿಲಿಮೀಟರ್ ಎಂದು ತಿಳಿಯುತ್ತದೆ. 6308 ಆದರೆ 40. ಈ ವಿಷಯ ನಾನು ಒಂದು ಗಂಟೆ ಹೇಳಬಲ್ಲೆ. ಕಾಗದದಲ್ಲಿ "ಇಲ್ಲಿ ನಿಲ್ಲಿಸು" ಎಂದು ನನ್ನ ಹೆಂಡತಿ ಬರೆದಿದ್ದಾಳೆ.

ಲಿಯೋ ಕ್ಯಾನರ್ ಎಂಬ ವೈದ್ಯರು ಅಮೆರಿಕದಲ್ಲಿ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದ ಲೇಖನದಿಂದ ಆಟಿಸಂ ವೈದ್ಯಲೋಕದಲ್ಲಿ ಗುರುತಾಯಿತು. ಅದರಲ್ಲಿ ಮೊದಲನೆಯ ಹುಡುಗ ಡೊನಾಲ್ಡ್ ಟ್ರಿಪ್ಲೆಟ್. ಮೂರನೆಯ ವಯಸ್ಸಿನಲ್ಲಿ ಅವನನ್ನು ದೂರದ ಸಂಸ್ಥೆಯೊಂದಕ್ಕೆ ಸೇರಿಸಿದ್ದರು. ಒಂದು ವರ್ಷದ ನಂತರ ತಾಯಿತಂದೆ ಮನೆಗೆ ಕರೆತಂದರು. ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ ಆತ ಬೆಳೆದರು, ಅಲ್ಲಿನ ಬ್ಯಾಂಕಿನಲ್ಲಿ ದಶಕಗಳ ಕಾಲ ಕೆಲಸ ಮಾಡಿದರು, ಕಾರು ಓಡಿಸಿದರು, ಒಬ್ಬರೇ ದೇಶ ಸುತ್ತಿದರು, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಊರಿನವರು ಅವರ ವಿಚಿತ್ರಗಳನ್ನು ಅವರದೇ ಸ್ವಭಾವವೆಂದು ಒಪ್ಪಿಕೊಂಡಿದ್ದರು. ಆದರೆ ಅವರ ಮನೆಯವರು ಸ್ಥಿತಿವಂತರು, ಆ ಬ್ಯಾಂಕೇ ಮನೆತನದ್ದು. ಬಡವರ ಮಗನಾಗಿದ್ದರೆ ಊರು ಹೇಗೆ ನಡೆದುಕೊಳ್ಳುತ್ತಿತ್ತೋ ಎಂದು ನನಗೆ ಅನುಮಾನವಿದೆ.

ಎಲ್ಲರೂ ನನ್ನಂತೆ ಮಾತಾಡಲಾರರು. ನಮ್ಮ ಕರ್ನಾಟಕದಲ್ಲೇ ಬಾಲ್ಯದ ಕೆಲವು ವರ್ಷ ಕಳೆದ ಟಿಟೊ ರಾಜರ್ಷಿ ಮುಖೋಪಾಧ್ಯಾಯ ಅವರ ಹೆಸರು ಅಧ್ಯಾಪಕರು ಕೇಳಿರಬಹುದು. 1989ರಲ್ಲಿ ಹುಟ್ಟಿದ ಅವರಿಗೆ ಮಾತು ಸರಿಯಾಗಿ ಬರಲಿಲ್ಲ. ತಾಯಿ ಸೋಮಾ ಬರೆಯುವುದನ್ನು ಕಲಿಸಿದರು. ಹುಡುಗನಿದ್ದಾಗಲೇ, 2000ದಲ್ಲಿ, ಅವರ ಇಂಗ್ಲಿಷ್ ಪುಸ್ತಕ ಪ್ರಕಟವಾಯಿತು. ಆ ತಾಯಿ ಮುಂದೆ ಅಮೆರಿಕದಲ್ಲಿ ಪ್ರಚುರಪಡಿಸಿದ ವಿಧಾನಕ್ಕೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲವೆಂದು ಅಲ್ಲಿನ ವಾಕ್ ತಜ್ಞರ ಸಂಘ 2018ರಲ್ಲಿ ಹೇಳಿದೆ. ಹಾಗಾಗಿ ಅದನ್ನು ಮಾಡಿ ಎಂದು ನಾನು ಹೇಳುವುದಿಲ್ಲ. ಮಾತು ಬರದವನ ಮುಂದೆ ಅವನಿಗೆ ಏನೂ ತಿಳಿಯದೆಂದು ಅವನ ಬಗ್ಗೆಯೇ ಮಾತಾಡಬೇಡಿ, ಅಷ್ಟು ಸಾಕು.

ಹೆಣ್ಣುಮಕ್ಕಳ ವಿಷಯ ಇನ್ನೂ ಕಷ್ಟ. ತಲೆ ಬಗ್ಗಿಸಿ ಮೂಲೆಯಲ್ಲಿ ಕುಳಿತ ಹುಡುಗನನ್ನು ಜನ ಡಾಕ್ಟರ ಬಳಿ ಕರೆದೊಯ್ಯುತ್ತಾರೆ. ಹುಡುಗಿ ಹಾಗೆ ಕುಳಿತರೆ "ಎಷ್ಟು ಶರಮಿನ ಹುಡುಗಿ" ಎಂದು ಹೊಗಳುತ್ತಾರೆ.

ಲಸಿಕೆಯಿಂದ ಆಟಿಸಂ ಬರುವುದಿಲ್ಲ. 1998ರಲ್ಲಿ ಇಂಗ್ಲೆಂಡಿನ ಒಂದು ಪತ್ರಿಕೆಯಲ್ಲಿ ಅಂಥ ಸಂಶಯ ಹುಟ್ಟಿಸಿದ ಲೇಖನ ಬಂದಿತ್ತು, 2010ರಲ್ಲಿ ಪತ್ರಿಕೆಯೇ ಅದನ್ನು ಹಿಂಪಡೆಯಿತು. ಆದರೂ 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗ ನಮ್ಮ ಓಣಿಗಳಲ್ಲಿ ಇಂಥ ಮಾತು ಓಡಾಡಿತು. ಆಟಿಸಂ ಬಂದರೆ ಮಗು ಹಾಳಾಯಿತು ಎಂಬ ಅರ್ಥ ಅದರಲ್ಲಿತ್ತು. ಕೇಳುತ್ತಾ ನಾನೂ ಅಲ್ಲೇ ನಿಂತಿದ್ದೆ.

ಈಗ ಮದುವೆಯ ವಿಷಯ. "ಮದುವೆ ಮಾಡಿ, ಎಲ್ಲ ಸರಿಹೋಗುತ್ತದೆ" ಎಂದು ಹೇಳುವವರು ಈ ಸಭೆಯಲ್ಲೂ ಇರಬಹುದು. ಸರಿಹೋಗುವುದಿಲ್ಲ. ನನಗೆ ಸಂಬಂಧ ನೋಡುವಾಗ ನಮ್ಮ ಚಾಚಾ "ಆಸ್ಪತ್ರೆ ಕಾಗದ ಬೀರುವಿನಲ್ಲಿಡಿ" ಎಂದರು. ಅಮ್ಮಿ ಒಪ್ಪಲಿಲ್ಲ. ಹುಡುಗಿಯ ಮನೆಗೆ ಮೊದಲು ಆ ಕಾಗದವನ್ನೇ ಒಯ್ದರು. ಎರಡು ಸಂಬಂಧ ಮುರಿದವು, ಮನೆಯಲ್ಲಿ ಅಳುವೂ ಆಯಿತು. ಮೂರನೆಯ ಹುಡುಗಿ ಕಾಗದ ಓದಿ ಒಂದೇ ಪ್ರಶ್ನೆ ಕೇಳಿ ಕಳಿಸಿದಳು: "ಸಿಟ್ಟು ಬಂದರೆ ಹೊಡೀತಾರಾ?" ಇಲ್ಲ, ಕೋಣೆಯ ಬಾಗಿಲು ಹಾಕಿಕೊಂಡು ಒಂದು ಗಂಟೆ ಕೂರುತ್ತೇನೆ ಎಂದು ಉತ್ತರ ಬರೆದೆ. ಅವಳೇ ಈಗ ನನ್ನ ಹೆಂಡತಿ. ಅವಳಿಗೆ ಬೇಸರವಾದರೆ ಮುಖದಲ್ಲಿ ತೋರಿಸಿ ನಾನು ತಿಳಿಯಲೆಂದು ಕಾಯುವುದಿಲ್ಲ, "ನನಗೆ ಬೇಜಾರಾಗಿದೆ, ಕಾರಣ ಇದು" ಎಂದು ಹೇಳುತ್ತಾಳೆ. ಬೇರೆ ಗಂಡಸರೂ ಇದನ್ನು ಬಯಸುತ್ತಾರೆಂದು ಕೇಳಿದ್ದೇನೆ.

ಸಂಘ ಮಾಡಬಹುದಾದ ಕೆಲಸವೊಂದಿದೆ. ನೀವು ವಿದ್ಯಾರ್ಥಿವೇತನದ ಅರ್ಜಿಗಳನ್ನು ತುಂಬಿಕೊಡುತ್ತೀರಿ. ಅದರ ಜೊತೆ ಅಂಗವಿಕಲರ ಗುರುತಿನ ಚೀಟಿಯ ಅರ್ಜಿಯನ್ನೂ ತುಂಬಿಕೊಡಿ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವಿಕಲತೆಗಳಿದ್ದವು, ಆಟಿಸಂ ಇರಲಿಲ್ಲ. 2016ರ ಕಾಯ್ದೆಯಲ್ಲಿ 21 ಇವೆ, ಆಟಿಸಂ ಸೇರಿದೆ. 40 ಪ್ರಶ್ನೆಗಳ ಭಾರತೀಯ ಮಾಪನದಲ್ಲಿ 70 ಅಥವಾ ಹೆಚ್ಚು ಅಂಕ ಬಂದರೆ ಆಟಿಸಂ ಎಂದು ಪರಿಗಣಿಸುತ್ತಾರೆ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು, ಮೀಸಲಾತಿಗೆ ಅರ್ಜಿ ಹಾಕಬಹುದು, ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಪಡೆಯಬಹುದು. ದಾರಿ ತಿಳಿಯದವರು ಮೊದಲು ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯು. ಅವರನ್ನು ಕೇಳಿ.

ಸ್ವತಃ ವ್ಯವಹಾರ ಮಾಡಲಾರದ ಮಕ್ಕಳ ತಾಯಿತಂದೆಗೆ ಇದನ್ನೂ ಹೇಳಬೇಕು. ಮಗನಿಗೆ 18 ತುಂಬಿದ ದಿನದಿಂದ ಕಾನೂನಿನ ಕಣ್ಣಿನಲ್ಲಿ ನೀವು ತಾನಾಗಿಯೇ ಪಾಲಕರಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲಾಧಿಕಾರಿಗಳ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಪಾಲಕತ್ವ ಪಡೆಯಬೇಕು. ಎಲ್ಲರಿಗೂ ಇದು ಬೇಡ. ನನ್ನ ಬ್ಯಾಂಕ್ ಕಾಗದಕ್ಕೆ ನಾನೇ ಸಹಿ ಮಾಡುತ್ತೇನೆ. ಆದರೆ ನಮ್ಮ ತಾಲೂಕಿನಲ್ಲೇ ಮೂವತ್ತು ದಾಟಿದ, ಮಾತು ಬಾರದ ಒಬ್ಬ ಮಗನಿದ್ದಾನೆ. ಅವನ ತಾಯಿಗೆ ಎಪ್ಪತ್ತರ ಹತ್ತಿರ. ಅವರು ನನ್ನನ್ನು ಕೇಳಿದ್ದು ಒಂದೇ: "ನನ್ನ ನಂತರ ಇವನಿಗೆ ಅನ್ನ ಯಾರು ಕಲಸಿ ಕೊಡ್ತಾರೆ ಬೇಟಾ?" ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ಈ ಸಂಘದ ಮುಂದೆ ಇಡಲೆಂದೇ ಇವತ್ತು ಬರಲು ಒಪ್ಪಿದೆ. ಆ ತಾಯಿ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ, ಅವರ ಅನುಮತಿ ಕೇಳಿಯೇ ಹೇಳುತ್ತಿದ್ದೇನೆ.

ಪ್ರಶ್ನೆಗಳಿದ್ದರೆ ಚೀಟಿಯಲ್ಲಿ ಬರೆದು ಕಾರ್ಯದರ್ಶಿಗಳಿಗೆ ಕೊಡಿ, ಎಲ್ಲಕ್ಕೂ ಬರೆದೇ ಉತ್ತರಿಸುತ್ತೇನೆ. ಊಟದ ಪಂಕ್ತಿಯಲ್ಲಿ ನನ್ನನ್ನು ಹುಡುಕಬೇಡಿ, ನಾನು ಬುತ್ತಿ ತಂದಿದ್ದೇನೆ. 2 ಗಂಟೆ 10 ನಿಮಿಷದ ಬಸ್ಸಿಗೆ ಹೊರಡುತ್ತೇನೆ.