ಶಕರು: ಸಮಾಧಿಗಳು ಹೇಳಿದ ಕಥೆ

(ಸಂಘದ ಸಂಸ್ಥಾಪನಾ ದಿನದಂದು ಮಾಡಿದ ಭಾಷಣದ ಬರಹರೂಪ)



ಪೂಜೆಯ ಸಂಕಲ್ಪದಲ್ಲಿ ನಾವು 'ಶಾಲಿವಾಹನ ಶಕೇ' ಎನ್ನುತ್ತೇವೆ. ಕ್ರಿ.ಶ. 78ರಿಂದ ಎಣಿಸುವ ಕಾಲಗಣನೆ ಅದು. ನಮ್ಮ ಬಾದಾಮಿಯಲ್ಲಿ ಒಂದನೆಯ ಪುಲಕೇಶಿಯ ಬಂಡೆಶಾಸನದ ಕಾಲ ಶಕ ವರ್ಷ 465, ಅಂದರೆ ಕ್ರಿ.ಶ. 543. ಈ ಹೆಸರಿನ ಹಿಂದಿರುವ ಶಕರು ಯಾರು?

ಗ್ರೀಕರು ಸ್ಕಿಥಿಯನ್ನರೆಂದೂ ಪರ್ಷಿಯನ್ನರು ಸಕರೆಂದೂ ಕರೆದ ಕುದುರೆ ಸವಾರರ ದೊಡ್ಡ ಬಳಗ ಅದು. ಅದರ ಒಂದು ಕವಲು ಭಾರತಕ್ಕೂ ಬಂದು ಗುಜರಾತ್, ಮಾಳವಗಳನ್ನು ಆಳಿತು. ಅವರ ಮೂಲ ನೆಲೆ ಕಪ್ಪು ಸಮುದ್ರದ ಉತ್ತರ ದಡದಿಂದ ಅಲ್ಟಾಯ್ ಪರ್ವತದವರೆಗೆ ಹಬ್ಬಿದ ಸ್ಟೆಪ್ಪಿ ಹುಲ್ಲುಗಾವಲು. ಅಲ್ಲಿ ಮರ ವಿರಳ, ಹುಲ್ಲು ಹೇರಳ. ಅಲೆಮಾರಿ ಪಂಗಡಗಳಿಗೆ ಬಂಡಿಯೇ ಮನೆ.

ಕ್ರಿ.ಪೂ. 513ರ ಸುಮಾರಿಗೆ ಪರ್ಷಿಯದ ಚಕ್ರವರ್ತಿ ದಾರಯನು ದಂಡೆತ್ತಿ ಬಂದಾಗ ಅವರು ಎದುರು ನಿಲ್ಲದೆ, ಬಾವಿಗಳನ್ನು ಮುಚ್ಚುತ್ತ, ಹುಲ್ಲನ್ನು ಹಾಳುಗೆಡವುತ್ತ ಹಿಂದೆ ಸರಿದರು. 'ಕಾಪಾಡಿಕೊಳ್ಳಲು ನಮಗೆ ಪಟ್ಟಣವಿಲ್ಲ, ಹೊಲವಿಲ್ಲ. ನಮ್ಮ ಹಿರಿಯರ ಸಮಾಧಿಗಳನ್ನು ಮುಟ್ಟಿ ನೋಡಿ, ಆಗ ಯುದ್ಧ ಮಾಡುತ್ತೇವೆ' ಎಂಬರ್ಥದ ಉತ್ತರವನ್ನು ಅವರ ರಾಜ ಕಳಿಸಿದನೆಂದು ಗ್ರೀಕ್ ಇತಿಹಾಸಕಾರ ಹೆರೋಡೋಟಸ್ ಬರೆದಿದ್ದಾನೆ.

ಅವರು ತಮ್ಮ ಕಥೆಯನ್ನು ಬರೆದಿಡಲಿಲ್ಲ. ಬರೆದವರೆಲ್ಲ ಹೊರಗಿನವರು. ನಮ್ಮ ವೈದ್ಯಕುಲದ ಹಿರಿಯ ಹಿಪೊಕ್ರೆಟಿಸನ ಹೆಸರಿನಲ್ಲಿರುವ ಒಂದು ಗ್ರಂಥ ಅವರನ್ನು ಜೋಲು ಮೈಯವರು, ದುರ್ಬಲರು ಎಂದು ವರ್ಣಿಸುತ್ತದೆ. ಮಾತಾಡಲಾರದ ರೋಗಿ ಬಂದಾಗ ವೈದ್ಯರಾದ ನಾವು ಪಕ್ಕದವರ ಮಾತನ್ನಷ್ಟೇ ನಂಬುವುದಿಲ್ಲ, ದೇಹವನ್ನೇ ಪರೀಕ್ಷಿಸುತ್ತೇವೆ. ಇಲ್ಲೂ ಹಾಗೆಯೇ ಆಯಿತು.

ಬಿಲ್ಲು, ಬಾಣಗಳೊಡನೆ ಹೂಳಿದ ಹೆಂಗಸರ ಅಸ್ಥಿಪಂಜರಗಳು ಸಿಕ್ಕಿವೆ. ಕೆಲವರ ಮೂಳೆಗಳಲ್ಲಿ ಯುದ್ಧದ ಗಾಯಗಳಿವೆ. ಕಾದ ಕಲ್ಲಿನ ಮೇಲೆ ಸೆಣಬಿನ ಜಾತಿಯ ಗಾಂಜಾ ಬೀಜ ಹಾಕಿ ಹೊಗೆ ಸೇವಿಸುತ್ತಿದ್ದರೆಂದು ಹೆರೋಡೋಟಸ್ ಹೇಳಿದ್ದ. 1940ರ ದಶಕದ ಕೊನೆಗೆ ರುದೆಂಕೊ ಎಂಬ ವಿದ್ವಾಂಸರು ಅಲ್ಟಾಯ್‌ನ ಪಾಜಿರಿಕ್‌ನಲ್ಲಿ ಇವರ ಬಂಧುಜನರ ಸಮಾಧಿ ತೆಗೆದಾಗ ಕಲ್ಲು, ಕರಿದ ಬೀಜಗಳಿದ್ದ ಪಾತ್ರೆಯೇ ಸಿಕ್ಕಿತು. ಶತ್ರುವಿನ ಚರ್ಮದಿಂದ ಬತ್ತಳಿಕೆ ಮಾಡುತ್ತಿದ್ದರೆಂಬ ಘೋರ ಮಾತಿಗೂ 2023ರಲ್ಲಿ ಪ್ರಕಟವಾದ ಉಕ್ರೇನಿನ ತೊಗಲಿನ ಪರೀಕ್ಷೆ ಪುಷ್ಟಿ ನೀಡಿತು.

ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಅದೇ ಅಲ್ಟಾಯ್‌ನ ಉಕೋಕ್ ಪ್ರಸ್ಥಭೂಮಿಯ ಒಬ್ಬ ಯುವತಿ. 1993ರಲ್ಲಿ ನತಾಲಿಯಾ ಪೊಲೊಸ್ಮಾಕ್ ಅವರು ಸಮಾಧಿ ತೆರೆದಾಗ, ಹೆಪ್ಪುಗಟ್ಟಿದ ನೀರು ಆಕೆಯ ತೋಳಿನ ಹಚ್ಚೆಯನ್ನೂ ಕಾಪಾಡಿತ್ತು. ಆಕೆಗೆ ಸ್ತನದ ಕ್ಯಾನ್ಸರ್ ಇತ್ತೆಂದು ಎಂ.ಆರ್.ಐ. ಪರೀಕ್ಷೆಯ ಆಧಾರದಿಂದ 2014ರಲ್ಲಿ ವಿಜ್ಞಾನಿಗಳು ತಿಳಿಸಿದರು. ಆರು ಕುದುರೆಗಳೊಡನೆ ಆಕೆಯನ್ನು ಗೌರವದಿಂದ ಮಲಗಿಸಿದ್ದರು. ಎರಡು ಸಾವಿರ ವರ್ಷಕ್ಕೂ ಹಿಂದಿನ ಆ ಜೀವದ ನೋವು ಇಂದು ನಮ್ಮ ಆಸ್ಪತ್ರೆಯ ಯಾವುದೇ ವಾರ್ಡಿನ ನೋವೇ.

ಯಂತ್ರ ಆಕೆಯ ರೋಗವನ್ನು ಹೇಳಿತು, ಹೆಸರನ್ನು ಹೇಳಲಿಲ್ಲ. ಆಕೆ ಆಡಿದ ಮಾತು, ಹಾಡಿದ ಹಾಡು ಯಾವುದೂ ಉಳಿದಿಲ್ಲ. ನಮಗಾದರೋ ಅಕ್ಷರವಿದೆ. ಮನೆಯ ಹಿರಿಯರ ಮಾತನ್ನು ನಮ್ಮ ಅಕ್ಷರದಲ್ಲಿ ಬರೆದಿಡೋಣ, ಮಕ್ಕಳಿಗೆ ಅದನ್ನು ಓದಲು ಕಲಿಸೋಣ. ಈ ಸಂಘ ಹುಟ್ಟಿದ್ದೂ ಅದಕ್ಕಾಗಿಯೇ ಅಲ್ಲವೇ?