ಗೋಲು ಕಾದವರು ಕೇಳಿದ ಪ್ರಶ್ನೆ

ಏಮಿ ಗ್ರಿಫಿನ್ ಅಮೆರಿಕದ ಫುಟ್‌ಬಾಲ್ ಗೋಲ್‌ಕೀಪರ್ ಆಗಿದ್ದವರು, ಆಮೇಲೆ ಕೋಚ್ ಆದವರು. ಮದುವೆಗೆ ಮುಂಚಿನ ಹೆಸರು ಏಮಿ ಆಲ್ಮನ್. ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದ ತಂಡಕ್ಕೆ ಗೋಲು ಕಾದ ಅವರು 1987ರಿಂದ 1991ರವರೆಗೆ ದೇಶದ ಪರ 24 ಪಂದ್ಯ ಆಡಿದರು. 1991ರಲ್ಲಿ ಚೀನಾದಲ್ಲಿ ನಡೆದ ಮಹಿಳೆಯರ ಮೊದಲ ವಿಶ್ವಕಪ್ ಗೆದ್ದ ತಂಡದಲ್ಲೂ ಇದ್ದರು. ಆ ತಂಡದ ಮುಖ್ಯ ಗೋಲ್‌ಕೀಪರ್ ಮೇರಿ ಹಾರ್ವೆ. ಏಮಿ ಬದಲಿ ಆಟಗಾರ್ತಿ. ಮುಂದೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಕೋಚ್ ಆಗಿ ಗೋಲ್‌ಕೀಪರ್‌ಗಳನ್ನು ತಯಾರು ಮಾಡಿದರು.

2009ರಲ್ಲಿ ಅವರಿಗೆ ಗೊತ್ತಿದ್ದ ಇಬ್ಬರು ಎಳೆಯ ಗೋಲ್‌ಕೀಪರ್ ಹುಡುಗಿಯರು ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿದ್ದರು. ಅದೇ ವಾರ ಇನ್ನೂ ಕೆಲವು ಗೋಲ್‌ಕೀಪರ್‌ಗಳು ಚಿಕಿತ್ಸೆಗೆ ಬಂದಿದ್ದಾರೆ ಎಂದು ಆಸ್ಪತ್ರೆಯ ನರ್ಸ್ ಹೇಳಿದ ಮಾತು ಏಮಿಯವರ ಮನಸ್ಸಿನಲ್ಲಿ ನಾಟಿತು. ಗೋಲ್‌ಕೀಪರ್‌ಗಳೇ ಏಕೆ?

ಅವರ ಅನುಮಾನ ಕೃತಕ ಹುಲ್ಲಿನ ಮೈದಾನದ ಕಡೆ ಹೊರಳಿತು. ಪ್ಲಾಸ್ಟಿಕ್ ಎಸಳುಗಳ ನಡುವೆ ಹಳೆಯ ಟೈರುಗಳನ್ನು ಅರೆದು ಮಾಡಿದ ಕಪ್ಪು ರಬ್ಬರ್ ಹರಳು ತುಂಬುತ್ತಾರೆ. ನೆಲ ಮೆತ್ತಗಾಗುತ್ತದೆ, ಮಳೆಯಲ್ಲೂ ಆಡಬಹುದು. ಒಂದು ಮೈದಾನಕ್ಕೆ ಸಾವಿರಾರು ಟೈರು ಬೇಕು. ಟೈರಿನಲ್ಲಿ ಕಾರ್ಬನ್ ಬ್ಲ್ಯಾಕ್, ಸೀಸ ಹಾಗೂ ಹಲವು ಹೈಡ್ರೋಕಾರ್ಬನ್‌ಗಳಿರುತ್ತವೆ. ಉಳಿದ ಆಟಗಾರರು ಈ ನೆಲದ ಮೇಲೆ ಓಡುತ್ತಾರೆ. ಗೋಲ್‌ಕೀಪರ್ ಮಾತ್ರ ಅಭ್ಯಾಸದುದ್ದಕ್ಕೂ ನೆಲಕ್ಕೆ ಬೀಳುತ್ತಲೇ ಇರಬೇಕು. ಹರಳು ಕಣ್ಣಿಗೆ, ಬಾಯಿಗೆ, ತರಚುಗಾಯಕ್ಕೆ ಸೇರುತ್ತದೆ. ಇದನ್ನು ಗಮನಿಸಲು ಗೋಲು ಕಾದ ಅನುಭವವೇ ಬೇಕಿತ್ತು.

ಏಮಿ ಕ್ಯಾನ್ಸರ್ ಬಂದ ಆಟಗಾರರ ಹೆಸರು ಬರೆದಿಡತೊಡಗಿದರು. 2014ರಲ್ಲಿ ಸುದ್ದಿವಾಹಿನಿಯೊಂದು ಈ ವಿಷಯ ಬಿತ್ತರಿಸಿದಾಗ ಪಟ್ಟಿಯಲ್ಲಿ 38 ಜನರಿದ್ದರು, ಅವರಲ್ಲಿ 34 ಮಂದಿ ಗೋಲ್‌ಕೀಪರ್‌ಗಳು. ಆಮೇಲೆ ದೇಶದ ಎಲ್ಲೆಡೆಯಿಂದ ಹೆಸರುಗಳು ಬಂದು ಪಟ್ಟಿ ಇನ್ನೂರು ದಾಟಿತು. ರಬ್ಬರ್ ಹರಳಿನಿಂದಲೇ ರೋಗ ಬಂತೆಂದು ಅವರು ವಾದಿಸಲಿಲ್ಲ, ಪರೀಕ್ಷಿಸಿ ನೋಡಿ ಎಂದು ಕೇಳಿದರು. ಅವರ ಕೆಲಸಕ್ಕೆ ಬೆಲೆ ಬಂದದ್ದು ಈ ಸಂಯಮದಿಂದ.

ವಾಷಿಂಗ್ಟನ್ ರಾಜ್ಯದ ಆರೋಗ್ಯ ಇಲಾಖೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೊತೆ ಸೇರಿ ಪಟ್ಟಿಯನ್ನು ಪರಿಶೀಲಿಸಿ 2017ರ ಜನವರಿಯಲ್ಲಿ ವರದಿ ಕೊಟ್ಟಿತು. ಆ ವಯಸ್ಸಿನವರಲ್ಲಿ ಸಾಮಾನ್ಯವಾಗಿ ಕಾಣುವ ಕ್ಯಾನ್ಸರ್ ಪ್ರಮಾಣಕ್ಕೆ ಹೋಲಿಸಿದರೆ ಪಟ್ಟಿಯಲ್ಲಿ ಹೆಚ್ಚಳ ಕಾಣಲಿಲ್ಲ. ಮಕ್ಕಳು ಮೈದಾನ ಯಾವುದೇ ಇರಲಿ ಆಡುತ್ತಿರಲಿ ಎಂಬುದು ಇಲಾಖೆಯ ಸಲಹೆ. ಹೆಸರುಗಳು ತಾವಾಗಿ ಬಂದು ಸೇರಿದ ಪಟ್ಟಿಯಿಂದ ಹರಳಿನ ಪರಿಣಾಮವನ್ನೇ ಅಳೆಯಲಾಗದು ಎಂಬ ಮಿತಿಯನ್ನೂ ವರದಿ ಒಪ್ಪಿಕೊಂಡಿತು. ಮಿತಿಯಿದ್ದರೂ ಹೆತ್ತವರು ಸ್ವಲ್ಪ ನೆಮ್ಮದಿಯಿಂದ ಉಸಿರಾಡಬಹುದಾದ ಉತ್ತರ ಇದು. ಪ್ರಶ್ನೆ ಎದ್ದಿರದಿದ್ದರೆ ಆ ಉತ್ತರವೂ ಸಿಗುತ್ತಿರಲಿಲ್ಲ.

ಅದಕ್ಕೂ ಮುಂಚೆ, 2016ರಲ್ಲಿ, ಅಮೆರಿಕದ ಮೂರು ಕೇಂದ್ರ ಸಂಸ್ಥೆಗಳು ಸೇರಿ ಈ ಹರಳಿನ ಬಗ್ಗೆ ಸಂಶೋಧನೆ ಆರಂಭಿಸಿದ್ದವು. ಹರಳಿನಲ್ಲಿ ರಾಸಾಯನಿಕಗಳಿದ್ದರೂ ದೇಹಕ್ಕೆ ಸೇರುವ ಪ್ರಮಾಣ ಸೀಮಿತವೆಂದು 2024ರ ವರದಿ ಹೇಳಿತು. ಯುರೋಪ್ ಒಕ್ಕೂಟ ಬೇರೆ ಕಾರಣಕ್ಕೆ, ಅಂದರೆ ಮೈಕ್ರೋಪ್ಲಾಸ್ಟಿಕ್ ಮಾಲಿನ್ಯ ತಡೆಯಲು, 2023ರಲ್ಲಿ ಇಂಥ ಹರಳಿನ ಮಾರಾಟಕ್ಕೆ ನಿಷೇಧ ಹೇರಿ ಎಂಟು ವರ್ಷದ ಗಡುವು ಕೊಟ್ಟಿತು. ಬೆಂಗಳೂರಿನಲ್ಲಿ ಟರ್ಫ್ ಮೈದಾನಗಳು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಈ ದಿನಗಳಲ್ಲಿ, ಎಸಳುಗಳ ನಡುವೆ ಏನು ತುಂಬಿದ್ದಾರೆಂದು ಕೇಳುವುದು ಇಲ್ಲಿಯ ಹೆತ್ತವರಿಗೂ ಸಲ್ಲುವ ಮಾತು.

ಏಮಿಯವರ ಇನ್ನೊಂದು ದೊಡ್ಡ ಕೆಲಸ ಅಮೆರಿಕದ ಕಿವುಡ ಮಹಿಳೆಯರ ರಾಷ್ಟ್ರೀಯ ತಂಡದ್ದು. ಅದರ ಮುಖ್ಯ ಕೋಚ್ ಅವರು; 1991ರ ಸಹ ಆಟಗಾರ್ತಿ ಜಾಯ್ ಫಾಸೆಟ್ ಸಹಾಯಕ ಕೋಚ್. ಪಂದ್ಯದ ಹೊತ್ತಿಗೆ ಆಟಗಾರ್ತಿಯರು ಶ್ರವಣಯಂತ್ರ ಕಳಚಿಡಬೇಕು. ಕೂಗಿ ಎಚ್ಚರಿಸುವುದು ಗೋಲ್‌ಕೀಪರ್‌ನ ಅರ್ಧ ಕೆಲಸ. ಇಲ್ಲಿ ಅದಕ್ಕೆ ಬೆಲೆಯಿಲ್ಲ. ಎಲ್ಲವೂ ಕಣ್ಣಿನಲ್ಲಿ, ಕೈಸನ್ನೆಯಲ್ಲಿ ನಡೆಯಬೇಕು. ಈ ತಂಡ 2016ರಲ್ಲಿ ಇಟಲಿಯಲ್ಲೂ 2023ರಲ್ಲಿ ಕೌಲಾಲಂಪುರದಲ್ಲೂ ಕಿವುಡರ ವಿಶ್ವ ಚಾಂಪಿಯನ್ ಆಯಿತು. ಬಹುಕಾಲ ದೇಣಿಗೆಯ ನೆರವಿನಿಂದ ನಡೆದ ತಂಡವನ್ನು ಅಮೆರಿಕದ ಫುಟ್‌ಬಾಲ್ ಸಂಸ್ಥೆ 2022ರಲ್ಲಿ ತನ್ನ ರಾಷ್ಟ್ರೀಯ ತಂಡಗಳ ಸಾಲಿಗೆ ಸೇರಿಸಿಕೊಂಡಿತು. 2024ರ ಜೂನ್‌ನಲ್ಲಿ ಕೊಲರಾಡೋದಲ್ಲಿ ಈ ತಂಡ ಆಸ್ಟ್ರೇಲಿಯಾ ವಿರುದ್ಧ ಆಡಿದ ಪಂದ್ಯವನ್ನು ದೇಶದ ಮುಖ್ಯ ಮಹಿಳಾ ತಂಡದ ಪಂದ್ಯದ ದಿನವೇ, ಅದೇ ಕ್ರೀಡಾಂಗಣದಲ್ಲಿ ಏರ್ಪಡಿಸಲಾಯಿತು.